ಕರಣಿಗೆ ಹಚ್ಚಿದ ಬಾಲ

ನೀವು ಆಯುಧಪೂಜೆ ಅನ್ನುತ್ತೀರಲ್ಲ, ಅದು ನಮ್ಮ ವಿಜಯಪುರದ ಕಡೆಯವರಿಗೆ ಖಂಡೇನವಮಿ. ಹೊಟ್ಟೆಗೆ ಅನ್ನ ಹಾಕುವ ಸಾಮಾನುಗಳಿಗೆಲ್ಲ ಅಂದು ಒಂದು ದಿನದ ರಜೆ. ಅವುಗಳನ್ನು ಒರೆಸಿ ಸಾಲಾಗಿ ಇಡುವ ಕೆಲಸ ಮಾತ್ರ ನನ್ನದು, ನನಗೆ ರಜೆ ಇಲ್ಲ. ಈ ವರ್ಷ ಒರೆಸುತ್ತ ಕೂತವಳಿಗೆ ಇದ್ದಕ್ಕಿದ್ದಂತೆ ನಗು ಬಂತು. ಮಿಕ್ಸರ್, ಗ್ರೈಂಡರ್, ಕುಕ್ಕರ್, ಹೀಟರ್, ಪ್ರಿಂಟರ್, ಸ್ಟೇಪ್ಲರ್, ಕೆಳಗೆ ನಿಲ್ಲಿಸಿದ ಸ್ಕೂಟರ್. ಎಲ್ಲದರ ಹಿಂದೆ ಒಂದೇ ಬಾಲ. ಅಪ್ಪ ತೀರಿಹೋದ ಮೇಲೆ ಗೋವೆಯ ಪರ್ವರಿಯ ಈ ಎರಡು ಕೋಣೆಯ ಫ್ಲಾಟಿನಲ್ಲಿ ನಾನು, ಅವ್ವ ಇಬ್ಬರೇ ಇದ್ದೇವೆ ಅಂದುಕೊಂಡಿದ್ದೆ. ನೋಡಿದರೆ ಮನೆ ತುಂಬ 'ಅರ್'ಗಳ ಸಂಸಾರ.

ಈ ಸಾಲಿನ ಎಲ್ಲಕ್ಕಿಂತ ಮುಂದೆ ಅವ್ವ ತಾನೇ ಬಂದು ಒಂದು ಕರಣಿ ಇಡುತ್ತಾಳೆ. ಗೌಂಡಿಗಳು ಸಿಮೆಂಟು ಬಳಿಯುತ್ತಾರಲ್ಲ, ಆ ಕರಣಿ. ತಗಡು ಸವೆದು ಎಲೆಯಷ್ಟು ತೆಳ್ಳಗಾಗಿದೆ, ಕಟ್ಟಿಗೆಯ ಹಿಡಿಕೆಗೆ ಕೈಬೆವರಿನ ಮಿರುಗು ಬಂದಿದೆ. ಇಟ್ಟ ಮೇಲೆ ನನ್ನ ಕೈಗೆ ಖಡು ಕೊಡುತ್ತಾಳೆ, ಅಂದರೆ ಸೀಮೆಸುಣ್ಣ. ನಾನು ತಗಡಿನ ಮೇಲೆ ಪ್ರತಿವರ್ಷ ಬರೆಯುವುದನ್ನು ಬರೆಯುತ್ತೇನೆ. ಬರೆದದ್ದು ವಾರದಲ್ಲಿ ಅಳಿಸಿಹೋಗುತ್ತದೆ. ಮತ್ತೆ ಮುಂದಿನ ವರ್ಷ ಬರೆಯುತ್ತೇನೆ. ಮೂವತ್ತು ವರ್ಷದ ಮೇಲಾಯಿತು.

ನಾನು ಇಂಗ್ಲಿಷ್ ಟೀಚರು. ಹೋದ ವಾರ ನನ್ನ ಆರನೆಯ ತರಗತಿಗೆ ಇದೇ ಬಾಲದ ಪಾಠ ಮಾಡಿದೆ. ಕೆಲಸದ ಪದ ಹಿಡಿಯಿರಿ, ಹಿಂದೆ 'ಇ-ಆರ್' ಹಚ್ಚಿರಿ, ಕೆಲಸ ಮಾಡುವವನು ತಯಾರಾಗುತ್ತಾನೆ, ಹತ್ತು ಪದ ಬರೆದುಕೊಂಡು ಬನ್ನಿ ಅಂದೆ. ಮಕ್ಕಳು ಹತ್ತು ಕೇಳಿದರೆ ಇಪ್ಪತ್ತು ತಂದರು. ಒಬ್ಬಳು ತನ್ನ ಅಣ್ಣನಿಗೆ 'ಸ್ಕ್ರೋಲರ್' ಅಂತ ಹೆಸರಿಟ್ಟಿದ್ದಳು, ಹುಡುಗ ದಿನವಿಡೀ ಮೊಬೈಲು ತೀಡುತ್ತಾನಂತೆ. ಇನ್ನೊಬ್ಬ ತನ್ನ ಕಾಕಾನಿಗೆ 'ಸುಶೆಗಾದರ್' ಅಂತ ಬರೆದಿದ್ದ. ಸುಶೆಗಾದ್ ಅಂದರೆ ಗೋವೆಯಲ್ಲಿ ಆರಾಮು, ನಿಶ್ಚಿಂತೆ. ಮಧ್ಯಾಹ್ನ ಮೀನೂಟ ಮುಗಿಸಿ ಕಾಲು ಚಾಚುವ ಮನುಷ್ಯ ಕಣ್ಣೆದುರು ಬಂದುಬಿಟ್ಟ. ಕೆಂಪು ಶಾಯಿಯ ಪೆನ್ನು ಎತ್ತಿದವಳು ಕೆಳಗಿಟ್ಟೆ. ಕೊಂಕಣಿ ತಲೆಗೆ ಇಂಗ್ಲಿಷ್ ಬಾಲ ಹಚ್ಚಬಾರದು ಅಂತ ಹೇಳಲು ನಾನ್ಯಾರು? ಹೊಡೆದುಹಾಕದೆ ಬಿಟ್ಟೆ.

ಬಿಡಲು ಕಾರಣವೂ ಇದೆ. ಈ ಬಾಲ ನನಗೆ ಸಿಕ್ಕಿದ್ದು ಮಡಗಾಂವಿನಲ್ಲಿ, ಹತ್ತನೆಯ ವಯಸ್ಸಿನಲ್ಲಿ. ಆಗ ನಾವು ಅಲ್ಲಿನ ಮೋತಿ ಡೊಂಗರ ಅನ್ನುವ ಗುಡ್ಡದ ಮೇಲೆ ಒಂದು ಕೋಣೆಯಲ್ಲಿದ್ದೆವು. ಫಿಲೊಮೆನಾ ಅಂತ ಒಬ್ಬ ಟೀಚರು ಇದ್ದರು, ಗಿಡ್ಡಗೆ, ದಪ್ಪಗೆ, ಮಾತಾಡುವಾಗ ಎರಡೂ ಕೈ ಗಾಳಿಯಲ್ಲಿ. ಬೋರ್ಡಿನ ಮೇಲೆ ಒಂದು ನಾಯಿ ಬರೆದು, ಅದರ ಬಾಲದ ಜಾಗದಲ್ಲಿ 'ಇ-ಆರ್' ಬರೆದು ಪಾಠ ಮಾಡಿದ್ದರು. ನನಗೆ ಹುಚ್ಚು ಹಿಡಿಯಿತು. ಕಂಡ ಕಂಡಲ್ಲಿ ಬಾಲ ಹಚ್ಚಿದೆ. ಅಡುಗೆ ಮಾಡುವವಳು ಕುಕ್ಕರ್ ಅಂತ ಬರೆದುಕೊಂಡು ಹೋದೆ. ಟೀಚರು ಹೊಟ್ಟೆ ಹಿಡಿದುಕೊಂಡು ನಕ್ಕು, ಅಡುಗೆಯವಳು ಬಾಲವಿಲ್ಲದ ಕುಕ್, ಸೀಟಿ ಹೊಡೆಯುವುದು ಕುಕ್ಕರ್ ಅಂದರು. ಕಾರ್ಪೆಂಟರ್ ಅನ್ನುವವನು ಮಾಡುವ ಕೆಲಸ ಕಾರ್ಪೆಂಟ್ ಇರಬೇಕು ಅಂತಲೂ ನಂಬಿದ್ದೆ. ಇಂಗ್ಲಿಷಿನವರಿಗೆ ಒಂದು ನೀತಿ ಇಲ್ಲ ಅಂತ ಆಗಲೇ ಗೊತ್ತಾಗಿತ್ತು.

ಅಪ್ಪನಿಗೆ ಇದನ್ನೆಲ್ಲ ಹೇಳಿದರೆ ಅಪ್ಪ ಸೋಲುವ ಪೈಕಿ ಅಲ್ಲ. "ಇಂಗ್ರೇಜಿಯವ್ರು ನಮ್ಮನ್ನ ನೋಡಿ ಕಲ್ತಾರಲೇ," ಅಂದ. "ಬಡಿಗೇರ, ಕಮ್ಮಾರ, ಕುಂಬಾರ, ಹೂಗಾರ. ನಮ್ಮೂರಾಗ ಮೊದಲಿಂದ ಅದಾವ ಬಾಲ." ಗೋವೆಯವರು ಊರಿನ ಹೆಸರಿಗೆ 'ಕರ್' ಹಚ್ಚಿಕೊಂಡು ಅಡ್ಡಹೆಸರು ಮಾಡಿಕೊಳ್ಳುತ್ತಾರೆ, ನಮ್ಮವರು ಕಸಬಿಗೆ ಹಚ್ಚಿಕೊಳ್ಳುತ್ತಾರೆ, ಕೆಲವರಂತೂ ಏನೂ ಹಚ್ಚದೆ ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಸೀದಾ ಸಂತೆಯನ್ನೇ ಹೆಸರಿಗೆ ಕಟ್ಟಿಕೊಂಡಿದ್ದಾರೆ. ಅಪ್ಪ ಸಾವರ್ಡೆಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದ, ವಾರಕ್ಕೊಮ್ಮೆ ಕೆಂಪು ಧೂಳಿನ ಸಮೇತ ಮನೆಗೆ ಬರುತ್ತಿದ್ದ. ಡ್ರೈವರ್. ಅವನಿಗೆ ಬಾಲ ಮೊದಲೇ ಇತ್ತು.

ಅವ್ವನಿಗೂ ಇತ್ತು. ಅವ್ವ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ಮಸಾಲೆ ಅಂದರೆ ಕಲಸಿದ ಸಿಮೆಂಟು ಮರಳು, ಅದನ್ನು ಕಬ್ಬಿಣದ ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು ಮಹಡಿಗೆ ಏರಿಸುವುದು. ಅಲ್ಲಿ ಹೊರುವ ಹೆಂಗಸರಿಗೆಲ್ಲ ಒಂದೇ ಹೆಸರು, ಹೆಲ್ಪರ್. ನಾನು ಹೆಮ್ಮೆಯಿಂದ 'ಅವ್ವ ಶಾಂತವ್ವ, ಹೆಲ್ಪರ್' ಅಂತ ಬರೆದು ತೋರಿಸಿದೆ. ಫಿಲೊಮೆನಾ ಟೀಚರು ಓದಿ, "ಸರಿಯಾಗಿದೆ ಮಗಾ. ಆದರೆ ಕೆಲಸ ಯಾವುದು? ನಿನ್ನ ಅವ್ವ ಕೈಯಿಂದ ಏನು ಮಾಡುತ್ತಾಳೆ, ನೋಡಿಕೊಂಡು ಬಾ," ಅಂದರು. ಟೀಚರು ಹೇಳಿದ ಮೇಲೆ ಮುಗಿಯಿತು. ನಾನು ನೋಡಲು ಶುರು ಮಾಡಿದೆ.

ಶನಿವಾರ ಅರ್ಧ ದಿನದ ಶಾಲೆ. ಮನೆಯಲ್ಲಿ ಯಾರೂ ಇಲ್ಲ ಅಂತ ನಾನು ಸೀದಾ ಅವ್ವ ಕೆಲಸ ಮಾಡುವ ಕಟ್ಟಡಕ್ಕೆ ಹೋಗುತ್ತಿದ್ದೆ. ಅಲ್ಲಿ ಫರ್ಶಿ, ಅಂದರೆ ನೆಲದ ಟೈಲ್ಸು, ಹಾಕುವ ಮೇಸ್ತ್ರಿ ದ್ಯಾಮಪ್ಪ. ನಮ್ಮೂರ ಹತ್ತಿರದವನೇ, ಅವ್ವ ಅಣ್ಣಾ ಅನ್ನುತ್ತಿದ್ದಳು, ಅದಕ್ಕೆ ನನಗೆ ದ್ಯಾಮಪ್ಪ ಮಾಮಾ. ಅವ್ವನನ್ನು ಆ ಕೆಲಸಕ್ಕೆ ಸೇರಿಸಿದವನೂ ಅವನೇ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೊರಗಿನ ಗೇರುಮರದ ನೆರಳಿಗೆ ಹೋದಾಗ, ಮಾಮಾ ಮಾತ್ರ ಬಚ್ಚಲುಮನೆಯ ಬಾಗಿಲಿಗೆ ಆತುಕೊಂಡು ನಿಲ್ಲುತ್ತಿದ್ದ. ಒಳಗೆ ಅವ್ವ ಕುಕ್ಕರಗಾಲಿನಲ್ಲಿ ಕೂತು ಮಾಮಾನ ಕರಣಿಯಿಂದ ಮಸಾಲೆ ಹರವಿ, ಫರ್ಶಿ ಇಟ್ಟು, ಹಿಡಿಕೆಯಿಂದ ಮೆಲ್ಲಗೆ ತಟ್ಟುತ್ತಿದ್ದಳು.

"ಪೊಳ್ಳ ಸಪ್ಪಳ ಬಂತು. ತಗಿ ಅದನ್ನ," ಅನ್ನುತ್ತಿದ್ದ ಮಾಮಾ.

"ಈಗರೆ ಇಟ್ಟೇನಲ್ಲ ಅಣ್ಣಾ."

"ಇಟ್ಟಿ, ಖರೇ. ಒಳಗ ಗಾಳಿ ಇಟ್ಟಿ. ತಗಿ."

ಅವ್ವ ಗೊಣಗದೆ ಕಿತ್ತು ಮತ್ತೆ ಇಡುತ್ತಿದ್ದಳು. ನನ್ನ ಕೆಲಸ ಮೆಟ್ಟಿಲ ಮೇಲೆ ಕೂರುವುದು. ಕಟ್ಟಡದ ಗುತ್ತಿಗೆ ಹಿಡಿದ ಸಾವಕಾರರ ಸ್ಕೂಟರಿನ ಸಪ್ಪಳ ಕೇಳಿದ ಕೂಡಲೆ ಮಗ್ಗಿ ಹೇಳಬೇಕು, ದೊಡ್ಡ ದನಿಯಲ್ಲಿ. "ಸಾವಕಾರ್ರಿಗೆ ಮಗ್ಗಿ ಅಂದ್ರ ಭಾಳ ಖುಷಿ," ಅಂತ ಮಾಮಾ ಹೇಳಿದ್ದ. ನಾನು ನಂಬಿದ್ದೆ. ಹದಿನೇಳರ ಮಗ್ಗಿ ಎಲ್ಲಕ್ಕಿಂತ ಕಷ್ಟ ಅಂತ ಅದನ್ನೇ ಹೇಳುತ್ತಿದ್ದೆ, ಸ್ಕೂಟರು ಬರದಿದ್ದರೂ ಅಭ್ಯಾಸಕ್ಕೆ ಅಂತ ಮೆಲ್ಲಗೆ ಹೇಳುತ್ತಲೇ ಇರುತ್ತಿದ್ದೆ. ಒಳಗಿನಿಂದ ಕರಣಿ ತಟ್ಟುವ ಸಪ್ಪಳ, ಹೊರಗೆ ನನ್ನ ಮಗ್ಗಿ. ಸಾವಕಾರರು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಕರಣಿ ಮಾಮಾನ ಕೈಯಲ್ಲಿ, ಬುಟ್ಟಿ ಅವ್ವನ ತಲೆಯ ಮೇಲೆ. ಕಣ್ಣಿದ್ದೂ ಕುರುಡಿ ಅಂದರೆ ನಾನೇ. ಅವರಿಬ್ಬರೂ ನನ್ನನ್ನು ಕಾವಲಿಗೆ ಕೂರಿಸಿದ್ದಾರೆ ಅನ್ನುವುದು ಹತ್ತು ವರ್ಷದ ಜಾಣೆಗೆ ಹೊಳೆಯಲಿಲ್ಲ. ಹೊಳೆದದ್ದು ಒಂದೇ, ಅವ್ವ ಕೈಯಿಂದ ಏನು ಮಾಡುತ್ತಾಳೆ ಅನ್ನುವುದಕ್ಕೆ ಉತ್ತರ ಸಿಕ್ಕಿತು.

ನನಗೆ ಗೊತ್ತಿರದಿದ್ದ ವಿಷಯ ಹೀಗಿತ್ತು. ಮಾಮಾನ ಮೊಣಕಾಲು ಹೋಗಿದ್ದವು. ಕೂತರೆ ಏಳಲಾಗುತ್ತಿರಲಿಲ್ಲ. ಅದು ಸಾವಕಾರರಿಗೆ ತಿಳಿದರೆ ಬೆಳಗಾವಿಯಿಂದ ಬೇರೆ ಮೇಸ್ತ್ರಿ ಬರುತ್ತಿದ್ದ, ಬರುವವನು ತನ್ನ ಹೆಂಗಸರನ್ನು ಕರೆದುಕೊಂಡೇ ಬರುತ್ತಿದ್ದ. ಮಾಮಾನ ಕೆಲಸದ ಜೊತೆ ಅವ್ವನ ಕೆಲಸವೂ ಹೋಗುತ್ತಿತ್ತು. ಹೆಂಗಸು ಕರಣಿ ಹಿಡಿದರೆ ಗೋಡೆ ನಿಲ್ಲುವುದಿಲ್ಲ ಅನ್ನುವ ಮಾತು ಬೇರೆ ಆಗ ಎಲ್ಲರ ಬಾಯಲ್ಲಿತ್ತು. ಹೀಗಾಗಿ ಮೂರು ತಿಂಗಳಿಂದ ಅವ್ವ ಮಧ್ಯಾಹ್ನದ ರೊಟ್ಟಿ ಬಿಟ್ಟು ಫರ್ಶಿ ಹಾಕುತ್ತಿದ್ದಳು.

ಆ ವರ್ಷ ಖಂಡೇನವಮಿ ಶನಿವಾರ ಬಂದಿತ್ತು. ಸಿಮೆಂಟು ಚೀಲ ಇಡುವ ಶೆಡ್ಡು ಗುಡಿಸಿ, ಸಗಣಿ ನೀರು ಹೊಡೆದು, ಎಲ್ಲರೂ ತಮ್ಮ ತಮ್ಮ ಸಾಮಾನು ತೊಳೆದು ತಂದು ಇಟ್ಟಿದ್ದರು. ಕರಣಿ, ಸುತ್ತಿಗೆ, ಗರಗಸ, ಸರಳು ಬಗ್ಗಿಸುವ ಕೊಕ್ಕೆ, ಬಣ್ಣದ ಬ್ರಷ್ಷು. ಹೆಂಗಸರಿಗೆ ಇಡಲು ಏನೂ ಇರಲಿಲ್ಲ. ಬುಟ್ಟಿಗಳು ಸಾವಕಾರರವು. ಅವನ್ನು ಬಾಗಿಲ ಹತ್ತಿರ ಬೋರಲಾಗಿ ಒಂದರ ಮೇಲೊಂದು ಪೇರಿಸಿ, ಎಲ್ಲಕ್ಕೂ ಸೇರಿಸಿ ಒಂದು ಚೆಂಡುಹೂವು ಇಡುತ್ತಿದ್ದರು. ಹಿಂದಿನ ವರ್ಷ ಪೂಜೆ ಮುಗಿದ ಮೇಲೆ ಯಾವ ಸುತ್ತಿಗೆ ಯಾರದು ಅಂತ ಜಗಳ ಬಿದ್ದಿತ್ತಂತೆ. ಅದಕ್ಕೆ ಮಾಮಾ ನನ್ನ ಕೈಗೆ ಖಡು ಕೊಟ್ಟು, "ಸಾಲಿ ಕಲ್ತಾಕಿ ನೀ. ಯಾವ ಸಾಮಾನು ಯಾರದು, ಹೆಸರು ಬರದ ಇಡವ್ವಾ," ಅಂದ.

ನನಗೆ ಬರೀ ಹೆಸರು ಬರೆದರೆ ಸಮಾಧಾನವೇ? ಬಾಲ ಹಚ್ಚಿದೆ. ಫಕೀರಪ್ಪ, ಪೇಂಟರ್. ಸಿದ್ದಪ್ಪ, ಬಾರ್ ಬೆಂಡರ್. ಗರಗಸಕ್ಕೆ ಕಾರ್ಪೆಂಟರ್. ಮಾಮಾನ ಹಳೆಯ ಅಳತೆಪಟ್ಟಿಗೆ ಮಾಮಾನ ಹೆಸರು ಬರೆದೆ. ಆಮೇಲೆ ಕರಣಿ ಬಂತು. ನಾನು ಮೂರು ತಿಂಗಳು ಅದನ್ನು ಅವ್ವನ ಕೈಯಲ್ಲೇ ನೋಡಿದ್ದೆ. ಶಾಂತವ್ವ ಅಂತ ಬರೆದೆ. ಹಾಕುವುದು ಟೈಲ್ಸು. ಟೈಲಿಗೆ ಬಾಲ ಹಚ್ಚಿದೆ. ಟೈಲರ್. ಆ ಪದ ಯಾವ ಪುಸ್ತಕದಲ್ಲೂ ನೋಡಿರಲಿಲ್ಲ, ನಾನೇ ಹುಟ್ಟಿಸಿದೆ ಅಂತ ಬೀಗಿದೆ.

ಸಾವಕಾರರು ಬಂದರು. ಬೆಳಗಾವಿಯ ವ್ಯಾಪಾರಸ್ಥರ ಮನೆಯವರು, ಬಿಳಿ ಅಂಗಿ, ಹಣೆಗೆ ವಿಭೂತಿ. ನನ್ನ ಅಕ್ಷರ ನೋಡಿ ಖುಷಿಯಾಗಿ ಒಂದೊಂದೇ ಗಟ್ಟಿಯಾಗಿ ಓದುತ್ತ ಬಂದರು. ಮಂದಿ ನಗುತ್ತಿದ್ದರು, ನಾನು ಉಬ್ಬುತ್ತಿದ್ದೆ. ಕರಣಿಯ ಹತ್ತಿರ ಬಂದವರು ಓದಿ, ಮತ್ತೊಮ್ಮೆ ಓದಿ, ನಿಂತುಬಿಟ್ಟರು.

"ದ್ಯಾಮಪ್ಪ, ಇದು ನಿನ್ನ ಕರಣಿ ಅಲ್ಲೇನು? ಶಾಂತವ್ವ ಅಂತ ಬರದೈತಿ. ಟೈಲರ್ ಅಂತ ಬರದೈತಿ."

ನಗು ನಿಂತಿತು. ಅವ್ವನ ಮುಖ ಸುಣ್ಣದ ಗೋಡೆಯ ಹಾಗಾಯಿತು. ಆಗ ನನ್ನ ಬುದ್ಧಿಗೆ ಬೆಳಕು ಬಿತ್ತು. ಮಗ್ಗಿ, ಸ್ಕೂಟರು, ಬುಟ್ಟಿ ಎಲ್ಲ ಒಟ್ಟಿಗೆ ತಿಳಿಯಿತು. ಕೈಯಲ್ಲಿದ್ದ ಖಡು ಪುಡಿಯಾಗುವಷ್ಟು ಗಟ್ಟಿ ಹಿಡಿದು ನಿಂತೆ. ನನ್ನ ಕೈಯಾರ ಅವ್ವನ ಅನ್ನ ಕಳೆದೆ ಅನಿಸಿತು.

ಹುಡುಗಿ ತಪ್ಪಿ ಬರೆದಾಳ್ರಿ ಅಂತ ಮಾಮಾ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಎಲ್ಲರೂ ನನ್ನ ತಲೆಗೊಂದು ಮೊಟಕಿ ಮುಂದೆ ಹೋಗುತ್ತಿದ್ದರು. ಮಾಮಾ ತಲೆಯ ಮೇಲಿನ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡ.

"ಹೌದ್ರಿ. ಕರಣಿ ಆಕಿದ. ಕೆಳಗಿನ ಮಜಲಿನ ಬಚ್ಚಲ್ಮನಿ ಫರ್ಶಿ ಅಷ್ಟೂ ಆಕಿನ ಹಾಕ್ಯಾಳ. ನನಗ ಮೊಳಕಾಲು ಬಗ್ಗೂದಿಲ್ಲ."

ಸಾವಕಾರರು ಒಂದು ತಂಬಿಗೆ ನೀರು ತರಿಸಿ, ಕೆಳಗಿನ ಬಚ್ಚಲುಮನೆಗೆ ನಡೆದರು. ನಾವೆಲ್ಲ ಹಿಂದೆ ಹೋದೆವು. ಕಿಸೆಯಿಂದ ಒಂದು ರೂಪಾಯಿ ತೆಗೆದು ಫರ್ಶಿಗಳ ಮೇಲೆ ಒಂದೊಂದಾಗಿ ಬಡಿದರು. ಎಲ್ಲೂ ಪೊಳ್ಳು ಸಪ್ಪಳ ಬರಲಿಲ್ಲ. ಆಮೇಲೆ ಬಾಗಿಲ ಮೂಲೆಯಲ್ಲಿ ನೀರು ಸುರುವಿದರು. ನೀರು ಅರೆಕ್ಷಣ ನಿಂತಿತು. ಅವ್ವ ನನ್ನ ರಟ್ಟೆ ಹಿಡಿದಿದ್ದಳು, ಆ ಹಿಡಿತ ಈಗಲೂ ನೆನಪಿದೆ. ಆಮೇಲೆ ನೀರು ಹೊರಟಿತು. ಎಲ್ಲೂ ತಂಗದೆ, ಎಲ್ಲೂ ದಾರಿ ತಪ್ಪದೆ, ಸೀದಾ ಮೋರಿಯ ತೂತಿಗೆ ಹೋಗಿ ಇಳಿಯಿತು.

"ಹರೀತು," ಅಂದರು ಸಾವಕಾರರು. ರೂಪಾಯಿಯನ್ನು ಕಿಸೆಗೆ ಹಾಕಿಕೊಂಡು, "ಕರಣಿ ಆಕಿದಂದ್ರ ನಿಂದೇನೋ ದ್ಯಾಮಪ್ಪ?"

"ನನಗ ಬಾಯಿ ಐತ್ರಿ. ನಿಂತ ಹೇಳ್ತೀನಿ, ಆಕಿ ಹಾಕ್ತಾಳ. ಇಬ್ಬರದೂ ಕೂಡಿ ಒಬ್ಬ ಪೂರಾ ಮೇಸ್ತ್ರಿ ಆಗತೈತ್ರಿ."

ಸಾವಕಾರರಿಗೆ ನಗು ಬಂದುಬಿಟ್ಟಿತು. "ಹಂಗ ಮಾಡ್ರಿ," ಅಂದು ಶೆಡ್ಡಿಗೆ ಬಂದು, ಒಂದು ಚೆಂಡುಹೂವು ತಗೊಂಡು ಕರಣಿಯ ಮೇಲೆ ತಾವೇ ಇಟ್ಟರು. ಮಾಮಾ ಆ ಕರಣಿಯನ್ನು ವಾಪಸು ತಗೊಳ್ಳಲಿಲ್ಲ. ಮನೆಗೆ ಬಂದ ಮೇಲೆ ನನಗೆ ಬೆನ್ನಿಗೊಂದು ಗುದ್ದು ಬಿತ್ತು. ಹಿಂದೆಯೇ ಬಾಯಿಗೊಂದು ತುತ್ತು ಹೋಳಿಗೆಯೂ ಬಿತ್ತು. ಎರಡೂ ಅವ್ವನ ಕೈಯಿಂದಲೇ.

ಮರುದಿನದಿಂದ ಜಗತ್ತೇನೂ ಬದಲಾಗಲಿಲ್ಲ ಬಿಡಿ. ಬೇರೆ ಕಟ್ಟಡಕ್ಕೆ ಹೋದಾಗಲೆಲ್ಲ ಅವ್ವ ಮೊದಲು ಹೆಲ್ಪರೇ. ಒಂದು ತಂಬಿಗೆ ನೀರು ಸುರುವಿ ತೋರಿಸಿದ ಮೇಲೆ ಮೇಸ್ತ್ರಿ. ನಾನು ಹುಟ್ಟಿಸಿದ ಪದವನ್ನು ಮೋತಿ ಡೊಂಗರದ ತುಂಬ ಸಾರಿದ್ದರಿಂದ, ಇಬ್ಬರು ಹೆಂಗಸರು ಕುಪ್ಪಸದ ಅರಿವೆ ತಂದು ಹೊಲಿದುಕೊಡು ಅಂತ ಬಾಗಿಲಲ್ಲಿ ಕೂತದ್ದೂ ಉಂಟು. ಆದರೆ ಅದೇ ಕರಣಿಯಿಂದ ನನ್ನ ಪುಸ್ತಕ ಬಂದವು, ಕಾಲೇಜು ಬಂತು, ಬಿ.ಎಡ್. ಬಂತು. ಟೀಚ್ ಅನ್ನುವುದಕ್ಕೆ ಬಾಲ ಬಂತು. ಈ ಫ್ಲಾಟು ಕೊಂಡಾಗ ಅವ್ವ ಹಳೆಯ ಬಚ್ಚಲನ್ನು ಕಿತ್ತು ತಾನೇ ಫರ್ಶಿ ಹಾಕಿದಳು, ಅರವತ್ತು ದಾಟಿದ ಮೇಲೆ. ಈಗಲೂ ಯಾರ ಮನೆಗೆ ಹೋದರೂ ಕಾಲು ತೊಳೆಯುವ ನೆಪದಲ್ಲಿ ಅವರ ಬಚ್ಚಲಿಗೆ ನೀರು ಸುರುವಿ ನೋಡುತ್ತಾಳೆ. ನೀರು ನಿಂತರೆ ಆ ಮನೆಯ ಚಹಾ ಅವಳಿಗೆ ರುಚಿಸುವುದಿಲ್ಲ.

ಈ ವರ್ಷ ಖಂಡೇನವಮಿಗೆ ದ್ಯಾಮಪ್ಪ ಮಾಮಾ ನಮ್ಮಲ್ಲಿಗೆ ಬಂದಿದ್ದ. ಎಂಬತ್ತರ ಹತ್ತಿರ ವಯಸ್ಸು, ಇನ್ನೂ ಮೋತಿ ಡೊಂಗರದಲ್ಲೇ ಮಗನ ಜೊತೆ ಇದ್ದಾನೆ. ಬಸ್ಸಿಳಿದವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದೆ. ಬಂದವನು ಮೊದಲು ಬಚ್ಚಲುಮನೆಗೆ ಹೋಗಿ ನೀರು ಸುರುವಿ ನೋಡಿದ. ಆಮೇಲೆ ಕುರ್ಚಿಯಲ್ಲಿ ಕೂತ.

ನಾನು ಖಡು ತಗೊಂಡು ಕರಣಿಯ ಮೇಲೆ ಎಂದಿನಂತೆ 'ಶಾಂತವ್ವ, ಟೈಲರ್' ಅಂತ ಬರೆದೆ. ಅವ್ವ ಮಾಮಾನ ಕಡೆ ನೋಡಿದಳು.

"ಅಣ್ಣಾ, ಒಂದ ಮಾತು ಕೇಳೂದು ಉಳದೈತಿ. ಅವತ್ತ ಇಲ್ಲ ಅಂದಿದ್ರ ನಡೀತಿತ್ತು. ಯಾಕ ಹೌದ್ ಅಂದಿ?"

ಮಾಮಾ ಮೊಣಕಾಲು ನೀವಿಕೊಂಡ. "ಇಲ್ಲ ಅನಬೇಕಂತನ ಬಾಯಿ ತಗದಿದ್ನೆವ್ವ. ಅಷ್ಟರಾಗ ಆ ಬಚ್ಚಲ್ಮನಿ ನೆನಪಾತು. ಅಂಥಾ ಚಲೋ ಫರ್ಶಿ ನಾ ಜನ್ಮದಾಗ ಹಾಕಿಲ್ಲ. ನಂದು ಅಂದ್ರ ಪಾಪ ಹತ್ತತಿತ್ತು."

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಗೆ ಇಲ್ಲ, ಉಳ್ಳಾಗಡ್ಡಿ ಇಲ್ಲ, ನೆಪ ಹೇಳಲು ಏನೂ ಇರಲಿಲ್ಲ. ಆಮೇಲೆ ನನಗೆ ಹೇಳಿದಳು, "ಕೆಳಗ ಜಾಗ ಐತೇನು? ಅಣ್ಣನ ಹೆಸರೂ ಬರಿ. ಬಾಲ ಹಚ್ಚಿ ಬರಿ."

"ಏನಂತ ಹಚ್ಚಲೆವ್ವ?"

"ನನಗ ಕಲಿಸ್ಯಾನ. ಅದಕ್ಕ ಏನಂತಾರ, ಅದನ್ನ ಹಚ್ಚು."

ಆ ಪದಕ್ಕಾಗಿ ನಾನು ಎಷ್ಟು ವರ್ಷ ಓದಿದೆ, ಶಾಲೆಯ ಸ್ಟಾಫ್ ರೂಮಿನ ಬಾಗಿಲಿಗೆ ಅದೇ ಪದ ಇದೆ. 'ದ್ಯಾಮಪ್ಪ, ಟೀಚರ್' ಅಂತ ಬರೆದು ಓದಿ ಹೇಳಿದೆ.

"ಅದು ನಿನ್ನ ಹೆಸರಲ್ಲೇನ?" ಅಂದ ಮಾಮಾ.

"ನಿಮ್ಮದ ಮೊದಲ ಮಾಮಾ. ನನಗ ನಿಮ್ಮಿಂದ ಬಂದದ್ದು."

ಅವನಿಗೆ ಓದಲು ಬರುವುದಿಲ್ಲ. ಅಕ್ಷರದ ಮೇಲೆ ಬೆರಳು ತಾಗಿಸದೆ, ಅಳಿಸಬಾರದು ಅಂತ ಮೇಲಿನಿಂದ ಗಾಳಿಯಲ್ಲೇ ಬೆರಳು ಆಡಿಸಿದ. ತಾನೇ ಒಂದು ಚೆಂಡುಹೂವು ಇಟ್ಟ. ಆಮೇಲೆ ನನ್ನ ಕಡೆ ನೋಡಿ, "ಮಗ್ಗಿ ಹೇಳವ್ವಾ," ಅಂದ. "ಹದಿನೇಳರದ್ದು. ಸ್ಕೂಟರ್ ಸಪ್ಪಳ ಕೇಳಾಕತ್ತೈತಿ."

ನಲವತ್ತು ದಾಟಿದ ಇಂಗ್ಲಿಷ್ ಟೀಚರು ಕೈ ಕಟ್ಟಿಕೊಂಡು ನಿಂತು ಹೇಳಿದೆ. ಹದಿನೇಳೊಂದ್ಲೆ ಹದಿನೇಳು. ಹದಿನೇಳೆರಡ್ಲೆ ಮೂವತ್ನಾಲ್ಕು. ಏಳರ ತನಕ ಸರಾಗ ಹೋಯಿತು. ಎಂಟಕ್ಕೆ ಬಂದು ನಿಂತೆ. ಮಾಮಾ ಕಾಯುತ್ತಿದ್ದ, ನಾನು ಮೇಲೆ ನೋಡುತ್ತಿದ್ದೆ, ಲೆಕ್ಕ ಬರಲೊಲ್ಲದು.

ಅವ್ವ ಚಹಾಕ್ಕೆ ನೀರಿಡಲು ಅಡುಗೆಮನೆಗೆ ಹೋಗಿದ್ದಳು. ಶಾಲೆಯ ಮೆಟ್ಟಿಲು ಹತ್ತದ ಅವ್ವ, ಬಚ್ಚಲುಮನೆಯ ಒಳಗೆ ಕೂತು ಕರಣಿ ತಟ್ಟುತ್ತ ನನ್ನ ಮಗ್ಗಿಯನ್ನು ಅಷ್ಟೂ ಶನಿವಾರ ಕೇಳಿಸಿಕೊಂಡ ಅವ್ವ, ಅಲ್ಲಿಂದಲೇ ಹೇಳಿದಳು.

"ನೂರಾ ಮೂವತ್ತಾರು. ಮುಂದ ಹೇಳು."